ಸುಭದ್ರಾಬಾಯಿ ಕೂಡುವ ರೀತಿ

ಬಲಗಾಲು ಹೇಗೋ ಬಗ್ಗಿತು. ಎಡಗಾಲು ಮಾತ್ರ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಭೀಮಬಾಯಿ ಬಿಸಿನೀರಿನ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ ಹೆಣದ ಮೊಣಕಾಲಿಗೆ ಸುತ್ತಿದಳು. ಎರಡೂ ಕೈಯಿಂದ ಕೆಳಗಿನಿಂದ ಮೇಲಕ್ಕೆ ತಿಕ್ಕಿದಳು. ಮೆಹಕರದ ಆ ಪಡಸಾಲೆಯಲ್ಲಿ ಧಗೆ, ಊದಿನಕಡ್ಡಿಯ ಹೊಗೆ, ಅತ್ತು ಅತ್ತು ದನಿ ಬಿದ್ದ ಹೆಂಗಸರು. ಭೀಮಬಾಯಿಗೆ ಸಾಕಾಗಿಹೋಗಿತ್ತು.

"ಬಗ್ಗವಲ್ದು ನೋಡ್ರಿ," ಎಂದಳು ಗಂಡನ ಕಡೆ ತಿರುಗಿ. "ಖುರ್ಚಿ ಮ್ಯಾಲ ಕೂತಾಂಗ ಇಲ್ಲಿ ತನಕ ಬರ್ತದ. ಮುಂದ ಜಪ್ಪಯ್ಯ ಅಂದ್ರೂ ಬರವಲ್ದು."

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆಯೇ ಕುಣಿಯ ಗೂಡಿನೊಳಗೆ ಇಡುತ್ತಾರೆ. ಅದಕ್ಕೇ ಜೀವ ಹೋದ ಕೂಡಲೇ, ಮೈ ಬಿರುಸಾಗುವ ಮೊದಲೇ ಕಾಲು ಮಡಚಿಡುವುದು. ಸುಭದ್ರಾಬಾಯಿಯ ಕಾಲನ್ನು ಯಾರೂ ಮಡಚಿರಲಿಲ್ಲ. ಬೆಳಗಿನ ಜಾವ ಬೀದರದ ಮನೆಯಲ್ಲಿ ಮಲಗಿದಲ್ಲೇ ಹೋದವಳು, ಮಲಗಿದ ಹಾಗೆಯೇ ಗಾಡಿಯಲ್ಲಿ ಭಾಲ್ಕಿ ದಾಟಿ ಗಂಡನ ಊರಿಗೆ ಬಂದಿದ್ದಳು.

ಭೀಮಬಾಯಿಯ ಗಂಡ ಮನ್ಮಥಪ್ಪ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಸತ್ತವಳು ಅವನ ತಮ್ಮನ ಹೆಂಡತಿ. ತಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಗೆ ಹಿರಿಯ ಅಂದರೆ ಇವನೇ. ಬಂದವರಿಗೆಲ್ಲ ಪ್ಲಾಸ್ಟಿಕ್ ಖುರ್ಚಿ ಹಾಕಿಸಿ ತಾನು ಮಾತ್ರ ನೆಲ ಬಿಟ್ಟಿರಲಿಲ್ಲ.

"ಬೀದರದಾಗ ಅಷ್ಟು ಮಂದಿ ಇದ್ದೀರಿ. ಒಬ್ಬರಿಗರೆ ತಿಳಿಲಿಲ್ಲೇನು? ಜೀವ ಹೋದ ಕೂಡ್ಲೇ ಕಾಲು ಮಡಚಬೇಕು ಅಂತ ಸಣ್ಣ ಹುಡುಗರಿಗೂ ಗೊತ್ತದ!"

"ನನಗ ಗೊತ್ತಿತ್ತು ದೊಡ್ಡಪ್ಪ," ಎಂದಳು ಸಿದ್ದೇಶ್ವರಿ. ಸತ್ತವಳ ಒಬ್ಬಳೇ ಮಗಳು, ಔರಾದ ಕಡೆಯ ಚಿಂತಾಕಿಯ ಸಾಲಿಯಲ್ಲಿ ಟೀಚರ್. ತಾಯಿಯ ತಲೆಯ ಹತ್ತಿರ ಕೂತವಳು ಬೆಳಗಿನಿಂದ ಎದ್ದಿರಲಿಲ್ಲ. "ಬಾಜೂ ಮನಿ ರಹೀಮುನ್ನಿಸಾ ಖಾಲಾ ನೆನಪು ಮಾಡಿದ್ರು. ನಾನೇ ಬ್ಯಾಡ ಅಂದೆ."

"ಬ್ಯಾಡ ಅಂದಿ? ಯಾಕ?"

"ಆ ಮೊಣಕಾಲಿಗಿ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಅವ್ವ ಹೇಳ್ತಿದ್ಲು. ಅದಕ್ಕ."

"ಅದು ಇದ್ದಾಗಿನ ಮಾತು, ಹುಚ್ಚಿ. ಗಟ್ಟ್ಯಾಗಿ ಒತ್ತಿದ್ರ ಒಮ್ಮಿ ಕಟ್ ಅಂತದ, ಬಗ್ತದ. ಸತ್ತಾಕಿಗಿ ನೋವಾಗ್ತದೇನು?"

"ನನಗ ಆಗ್ತದರಿ."

ಸಿದ್ದೇಶ್ವರಿಯ ಗಂಡ ಅನೀಲಕುಮಾರ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಮಾವನವರ ಮನೆಯ ಜಗಳದಲ್ಲಿ ಬಾಯಿ ಹಾಕಬಾರದೆಂಬ ಬುದ್ಧಿ ಅವನಿಗೆ ಮದುವೆಯಾದ ವರ್ಷವೇ ಬಂದಿತ್ತು.

*

ಆ ಕಾಲು ಹೋದದ್ದು ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ. ಇಳಿಯುವವರನ್ನು ಇಳಿಯಗೊಡದೆ ಹತ್ತುವ ಮಂದಿ. ಸುಭದ್ರಾಬಾಯಿ ಮೆಟ್ಟಿಲಿನಿಂದ ಕೆಳಗೆ ಬಿದ್ದಳು. ಬೀದರದ ದವಾಖಾನೆಯಲ್ಲಿ ಕಾಲೊಳಗೆ ಸ್ಟೀಲಿನ ಪಟ್ಟಿ, ಮೊಳೆ ಎಲ್ಲ ಹಾಕಿದರು. "ನಡಿಲಿಕ್ಕ ಬರ್ತದ, ಖುರ್ಚಿ ಮ್ಯಾಲ ಕೂಡಲಿಕ್ಕ ಬರ್ತದ, ನೆಲಕ್ಕ ಕೂಡೂದು ಮರೀರಿ" ಎಂದರು ಡಾಕ್ಟರರು.

ಮರೆಯುವುದು ಹೇಗೆ? ಲಿಂಗ ಕಟ್ಟಿಸಿಕೊಂಡ ದಿನದಿಂದ ಬೆಳಿಗ್ಗೆ ಮಣೆ ಹಾಕಿಕೊಂಡು ಕೂತು ಪೂಜೆ ಮಾಡಿದವಳು. ಗಂಡ ಸತ್ತ ಮೇಲೂ, ಊರೆಲ್ಲರ ಜಂಪರು ಹೊಲಿದು ಮಗಳನ್ನು ಓದಿಸುವಾಗಲೂ ಅದೊಂದು ತಪ್ಪಿಸಿರಲಿಲ್ಲ. ಈಗ ಕೂಡಲಾರದೆ ಪೂಜೆ ನಿಂತಿತು. ಪೂಜೆಯ ಹಿಂದೆಯೇ ನಿದ್ದೆಯೂ ಹೋಯಿತು. ಕಾಲು ಸೆಳೆಯುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಗಿರಾಕಿಗಳ ಮೇಲೆ ಸಿಡುಕುತ್ತಿದ್ದಳು. ಆಮೇಲೆ ಅದಕ್ಕೂ ಅಳುತ್ತಿದ್ದಳು.

ಅದೇ ವರ್ಷ ಮೆಹಕರದಲ್ಲಿ ಮನ್ಮಥಪ್ಪನ ಮೊಮ್ಮಗನಿಗೆ ಲಿಂಗ ಕಟ್ಟಿದರು. ಎಲ್ಲರೂ ನೆಲಕ್ಕೆ ಕೂತು ಲಿಂಗ ಅಂಗೈಗೆ ತೆಗೆದುಕೊಂಡಾಗ ಸುಭದ್ರಾಬಾಯಿ ಒಂದು ಖುರ್ಚಿ ಎಳೆದುಕೊಂಡು ಕೂತಳು. ಮನ್ಮಥಪ್ಪ ಅಷ್ಟು ಮಂದಿಯ ನಡುವೆ ಅಂದುಬಿಟ್ಟ:

"ಸುಭದ್ರಾಬಾಯಿ, ಇದು ದವಾಖಾನಿ ಅಲ್ಲ. ಲಿಂಗಪೂಜಿ ಖುರ್ಚಿ ಮ್ಯಾಲ ಆಗಂಗಿಲ್ಲ. ಕೂಡ್ಲಿಕ್ಕ ಆಗದಿದ್ರ ಕಟ್ಟಿಡು."

ಅವಳು ಲಿಂಗವನ್ನು ಕರಡಿಗೆಯೊಳಗೆ ಇಟ್ಟು ಸೆರಗು ಹೊದ್ದುಕೊಂಡಳು. ಊಟಕ್ಕೆ ನಿಲ್ಲದೆ ಬಂದಳು. ಆಮೇಲೆ ಮೆಹಕರಕ್ಕೆ ಕಾಲಿಡಲಿಲ್ಲ.

ಬೀದರಕ್ಕೆ ಬಂದವಳಿಗೆ ಒಂದೇ ಹಟ: ಏನಾದರಾಗಲಿ, ಕಾಲು ಮಡಚಲೇಬೇಕು. ಮುಂಜಾನೆ ಸಾಲಿ ಮೈದಾನದಲ್ಲಿ ಉತ್ತಮ ಸರ್ ಯೋಗ ಹೇಳಿಕೊಡುತ್ತಿದ್ದರು. ಒಳ್ಳೆಯ ಮನುಷ್ಯ. "ಕಾಯಂ ಬರ್ರಿ ಅಮ್ಮ, ದೀಪಾವಳಿ ಒಳಗ ಪದ್ಮಾಸನ ಹಾಕಸ್ತೀನಿ" ಎಂದು ಭರವಸೆ ಕೊಟ್ಟರು. ಒಂದು ದಿನ ಹಿಂದಿನಿಂದ ಬಂದು "ಉಸಿರು ಬಿಡ್ರಿ, ಅಂಜಬ್ಯಾಡ್ರಿ" ಅನ್ನುತ್ತ ಆ ಮೊಣಕಾಲನ್ನು ನೆಲಕ್ಕೆ ಒತ್ತಿದರು. ಸುಭದ್ರಾಬಾಯಿ ಚೀರಿದ್ದಕ್ಕೆ ಮೈದಾನದ ಹೆಂಗಸರೆಲ್ಲ ತಿರುಗಿ ನೋಡಿದರು. ಆಟೊದಲ್ಲಿ ಹಾಕಿಕೊಂಡು ಮನೆಗೆ ತಂದರು. ಕಾಲು ಕುಂಬಳಕಾಯಿ ಆಗಿತ್ತು. ಅಂದಿನಿಂದ ಯಾರಾದರೂ ಹತ್ತಿರ ಬಂದರೆ ಸಾಕು, ಎರಡೂ ಕೈ ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಳ್ಳುತ್ತಿದ್ದಳು.

ಚಿಂತಾಕಿಯಿಂದ ಸಿದ್ದೇಶ್ವರಿ ಮೊಬೈಲಿಗೆ ವಿಡಿಯೋ ಕಳಿಸಿದಳು. ನದಿ ದಂಡೆಯ ಮೇಲೆ ಗಡ್ಡದವನೊಬ್ಬ ಕಾಲ ಮೇಲೆ ಕಾಲು ಹೆಣೆದು ನಗುತ್ತ ಕೂತಿದ್ದ. "ಇವಂಗ ಎಂಥಾ ಮೊಣಕಾಲು ಕೊಟ್ಟಾನಪ್ಪ ದೇವರು!" ಎಂದು ಸುಭದ್ರಾಬಾಯಿ ಮೊಬೈಲು ಮಗುಚಿ ಇಟ್ಟಳು. ಆಮೇಲೊಂದು ಧ್ಯಾನದ ಶಿಬಿರ. ಕಣ್ಣು ಮುಚ್ಚಿ ಏನೂ ವಿಚಾರ ಮಾಡಬೇಡಿ ಅಂದರು. ಕಣ್ಣು ಮುಚ್ಚಿದ ಕೂಡಲೇ ಅವಳಿಗೆ ಯಾರ ಯಾರ ಜಂಪರಿಗೆ ಹುಕ್ಕು ಹಚ್ಚುವುದು ಉಳಿದಿದೆ ಅನ್ನುವುದೆಲ್ಲ ಸಾಲಾಗಿ ನೆನಪಾಯಿತು. ಬೆಂಚಿನ ಮೇಲೆ ಕೂತವಳನ್ನು "ಇವರು ಪೇಶಂಟ್ ಇದ್ದಾರ" ಎಂದು ಉಳಿದವರಿಗೆ ಪರಿಚಯ ಮಾಡಿಸಿದರು. ಅಲ್ಲಿಗೆ ಅದೂ ಮುಗಿಯಿತು.

"ಕುಣಿಲಾರದಾಕಿ ನೆಲಾ ಡೊಂಕ ಅಂದಳಂತ, ಹಾಂಗಾತು ನಂದು," ಎಂದು ಫೋನಿನಲ್ಲಿ ಮಗಳ ಮುಂದೆ ನಕ್ಕಳು. ನಗು ಅರ್ಧಕ್ಕೇ ನಿಂತು, ತಾಯಿ ಮೂಗು ಸೆಳೆಯುವ ಸಪ್ಪಳ ಮಗಳಿಗೆ ಕೇಳಿಸಿತು.

*

ಮಠದ ಅಯ್ಯನವರು ಬಂದರು. ಬೆಳಿಗ್ಗೆ ಇನ್ನೊಂದು ಊರಲ್ಲಿ ಒಬ್ಬರ ಮಣ್ಣು ಮುಗಿಸಿಯೇ ಬಂದಿದ್ದರು. ಮುಖದ ವಿಭೂತಿ ಬೆವರಿಗೆ ಕರಗಿತ್ತು. ಖುರ್ಚಿಯಲ್ಲಿ ಕೂತು ಒಂದು ತಂಬಿಗೆ ನೀರು ಕುಡಿದರು.

"ನೀವೇ ಹೇಳ್ರಿ ಅಯ್ನೋರ," ಎಂದ ಮನ್ಮಥಪ್ಪ. "ಶಾಸ್ತ್ರ ಏನ್ ಹೇಳ್ತದ?"

ಅಯ್ಯನವರು ಹೆಣದ ಕಾಲು ನೋಡಿದರು, ಮಗಳ ಮುಖ ನೋಡಿದರು. "ಕೂತಿರಬೇಕು. ಲಿಂಗ ಅಂಗೈಯಾಗ, ಕಣ್ಣಿಗಿ ನೇರ ಇರಬೇಕು."

"ಕೂತಿರಬೇಕು ಅಂದ್ರ ಹ್ಯಾಂಗ್ರಿ?" ಎಂದಳು ಸಿದ್ದೇಶ್ವರಿ.

"ಹ್ಯಾಂಗ ಅಂದ್ರ... ಎಲ್ಲರೂ ಕೂಡೂ ಹಾಂಗ." ಅಯ್ಯನವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಹಿರ್ಯಾರು ಕೂತು ಬಗಿಹರಿಸ್ರಿ. ಜಲ್ದಿ ಆಗ್ಲಿ. ನನಗ ಭಾಲ್ಕಿ ಬಸ್ ಸಿಗಬೇಕು."

ಮನ್ಮಥಪ್ಪನ ದನಿ ಇಳಿಯಿತು. "ನೋಡು ತಂಗಿ. ನಾ ಏನ್ ದುಶ್ಮನ್ ಅಲ್ಲ ನಿಮ್ಮವ್ವಗ. ಇದ್ದಾಗ ಅಂತೂ ಪೂಜಿ ಬಿಟ್ಳು. ಖುರ್ಚಿ ಮ್ಯಾಲ ಬ್ಯಾಡ ಅಂದೆ, ಅದನ್ನೇ ಹಿಡಕೊಂಡು ಬಿಟ್ಟೇಬಿಟ್ಳು. ಈಗರೆ ನೀಟಾಗಿ ಕೂತು ಹೋಗ್ಲಿ. ನಾಳಿ ಮ್ಯಾಲ ಹೋದ್ರ ನನ್ನ ತಮ್ಮಗ ಏನ್ ಮಾರಿ ತೋರಸ್ಲಿ ನಾನು?"

"ತೋಬಾ ತೋಬಾ! ಯಾರು ಹೇಳಿದ್ರು ನಿಮಗ, ಬಿಟ್ಟಾಳ ಅಂತ?"

ದನಿ ಬಂದದ್ದು ಗೋಡೆ ಕಡೆಯಿಂದ. ರಹೀಮುನ್ನಿಸಾ, ಬೀದರದಲ್ಲಿ ಸುಭದ್ರಾಬಾಯಿಯ ಪಕ್ಕದ ಮನೆಯವಳು. ಹೆಣದ ಗಾಡಿಯಲ್ಲೇ ಕೂತು ಬಂದಿದ್ದಳು. ಬಂದಾಗಿನಿಂದ ಬುರ್ಖಾದ ಮುಸುಕು ಹಿಂದಕ್ಕೆ ಹಾಕಿಕೊಂಡು ಸುಮ್ಮನೆ ಕೂತಿದ್ದಳು.

"ಭೈಯಾ, ನಿಮ್ಮ ಪದ್ಧತಿ ನನಗ ಪೂರಾ ತಿಳಿಯಂಗಿಲ್ಲ. ನೀವು ಹ್ಯಾಂಗ ಮಾಡ್ತೀರೋ ಮಾಡ್ರಿ. ಆದ್ರ ಸುಳ್ಳು ಮಾತು ಬ್ಯಾಡ. ಆಕಿ ಒಂದಿನ ಬಿಟ್ಟಿಲ್ಲ. ನಿನ್ನಿ ಬೆಳಿಗ್ಗಿನೂ ಕೂತಿದ್ಲು. ನಾ ಕಣ್ಣಾರೆ ನೋಡೀನಿ."

"ಎಲ್ಲಿ ಕೂತಿದ್ಲು?"

"ಮಷೀನ್ ಮುಂದ."

*

ಉತ್ತಮ ಸರ್ ಒತ್ತಿದ ಕಾಲು ಇಳಿದ ಮೇಲೆ ಒಂದು ಬೆಳಿಗ್ಗೆ ಸುಭದ್ರಾಬಾಯಿ ಹೊಲಿದ ಅರವಿ ಕೊಡಲು ರಹೀಮುನ್ನಿಸಾಳ ಮನೆಗೆ ಹೋದಳು. ರಹೀಮುನ್ನಿಸಾ ನಮಾಜಿನಲ್ಲಿದ್ದಳು. ಖುರ್ಚಿಯ ಮೇಲೆ ಕೂತು, ಕೈ ಕಟ್ಟಿ, ಬಗ್ಗಬೇಕಾದಲ್ಲಿ ಅಷ್ಟಿಷ್ಟು ಬಗ್ಗಿ, ಮತ್ತೆ ನೆಟ್ಟಗಾಗುತ್ತಿದ್ದಳು. ಅವಳಿಗೂ ಮೊಣಕಾಲು ನೋವು. ಸುಭದ್ರಾಬಾಯಿ ಹೊಸ್ತಿಲಲ್ಲಿ ನಿಂತು ಮುಗಿಯುವ ತನಕ ನೋಡಿದಳು.

"ಆಪಾ, ಹಿಂಗ ಮಾಡಿದ್ರ ನಡಿತದೇನು?"

"ನಡಿಲಿಕ್ಕೇನಾಗ್ಯಾದ? ಆಗದವರಿಗಿ ಖುರ್ಚಿ ಮ್ಯಾಲ ಮಾಡ್ಲಿಕ್ಕ ಇಜಾಜತ್ ಅದ. ಮಸೀದ್ಯಾಗೂ ಹಿಂದಿನ ಸಾಲಿಗಿ ಖುರ್ಚಿ ಹಾಕ್ಯಾರ."

"ಯಾರೂ ಏನೂ ಅನ್ನಂಗಿಲ್ಲ?"

"ಅಂದ್ರ ಅವರ ಮೊಣಕಾಲು ನನಗ ಕೊಡ್ಲಿ, ನನ್ನವು ಅವರು ತಗೊಳ್ಲಿ!"

ಸುಭದ್ರಾಬಾಯಿ ಮನೆಗೆ ಬಂದಳು. ಖುರ್ಚಿ ನೋಡಿದಳು, ಖುರ್ಚಿ ಕಂಡರೆ ಮೆಹಕರದ ಆ ಮಾತು ಕಿವಿಗೆ ಬರುತ್ತಿತ್ತು. ಕೊನೆಗೆ ಹೊಲಿಗೆ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಆಯುಷ್ಯವೆಲ್ಲ ಕೂತ ಜಾಗ ಅದು. ಮೈಗೆ ಅದರ ಎತ್ತರ ಗೊತ್ತಿತ್ತು. ದೊಡ್ಡ ಗಾಲಿಯ ಪಟ್ಟಾ ಕಳಚಿದಳು. ಈಗ ತುಳಿದರೆ ಸೂಜಿ ಓಡುವುದಿಲ್ಲ, ಕೆಳಗಿನ ಗಾಲಿ ಮಾತ್ರ ತಿರುಗುತ್ತದೆ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಎರಡೂ ಪಾದ ಪೆಡಲಿನ ಮೇಲೆ ಊರಿ, ನಿಧಾನಕ್ಕೆ ತುಳಿದಳು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಸ್ವಲ್ಪ ಹೊತ್ತಿಗೆ ಉಸಿರು ತಾನೇ ಕಾಲಿನ ಲೆಕ್ಕಕ್ಕೆ ಬಂತು. ಮೊದಲ ಕೆಲವು ದಿನ ಬರೀ ಕಣ್ಣೀರು ಬಂತು. ಬರಲಿ ಎಂದು ಬಿಟ್ಟಳು. ಆಮೇಲೆ ಅದೂ ನಿಂತಿತು.

ರಜೆಗೆ ಬಂದ ಸಿದ್ದೇಶ್ವರಿ ಬೆಳಿಗ್ಗೆ ಎದ್ದು ನೋಡಿದರೆ ತಾಯಿ ಅರವಿಯಿಲ್ಲದೆ, ದಾರವಿಲ್ಲದೆ, ಕಣ್ಣು ಅರೆ ಮುಚ್ಚಿ ಮಷೀನು ತುಳಿಯುತ್ತಿದ್ದಾಳೆ. ತಾಯಿಗೆ ತಲೆ ಕೆಟ್ಟಿತೇನೋ ಅಂದುಕೊಂಡಳು.

"ಅವ್ವಾ, ಏನ್ ಮಾಡ್ಲತಿ?"

"ಸುಮ್ಮ ಕೂತೀನಿ."

"ಇದು ಸುಮ್ಮ ಕೂಡೂದಾ? ಕಾಲು ಆಡ್ಲತಾವಲ್ಲ!"

"ಕಾಲಿಗಿ ಕೆಲಸ ಕೊಟ್ರನೇ ನಾ ಸುಮ್ಮ ಆಗ್ತೀನಿ. ಏನ್ ಮಾಡ್ಲಿ, ನನ್ನ ಹಣೇಬರ ಹಾಂಗದ. ಹೋಗು, ಛಾ ಇಡು."

ಕಾಲು ಮಡಚಲಿಲ್ಲ, ಕೊನೆಯ ತನಕ. ಆದರೆ ನಿದ್ದೆ ಬಂತು. ಗಿರಾಕಿಗಳು ಬೈಸಿಕೊಳ್ಳುವುದು ನಿಂತಿತು. ಮೊಣಕಾಲಿನ ಸೆಳೆತ ಇದ್ದಷ್ಟು ಇತ್ತು, ಅದರ ಮೇಲಿನ ಸಿಟ್ಟು ಹೋಗಿತ್ತು. ಉತ್ತಮ ಸರ್ ದಾರಿಯಲ್ಲಿ ಸಿಕ್ಕು "ಅಮ್ಮ, ಯೋಗ ಬಿಟ್ಟೇಬಿಟ್ರಲ್ಲ" ಅಂದಾಗ, "ಹೂಂರಿ ಸರ್, ನನ್ನ ಕೈಲಾಗವಲ್ದು" ಎಂದು ನಕ್ಕು ಮುಂದೆ ಹೋದಳು. ಮೆಹಕರದವರಿಗೆ ಮಾತ್ರ ಹೇಳಬೇಡ ಎಂದು ಮಗಳಿಂದ ಆಣೆ ಹಾಕಿಸಿಕೊಂಡಳು. "ಅವರಿಗಿ ತಿಳಿದ್ರ ಇದನ್ನೂ ಕಸಗೋತಾರ" ಎಂದಿದ್ದಳು.

*

ಆ ಆಣೆಯನ್ನು ಈಗ ರಹೀಮುನ್ನಿಸಾ ಮುರಿದಿದ್ದಳು. ಅವಳಿಗೆ ಯಾರೂ ಆಣೆ ಹಾಕಿಸಿರಲಿಲ್ಲ.

ಮನ್ಮಥಪ್ಪ ಕಂಬ ಬಿಟ್ಟು ನೆಟ್ಟಗೆ ಕೂತ. ಆಮೇಲೆ, "ಎಲ್ಲರೂ ಜರಾ ಹೊರಗ ಹೋಗ್ರಿ," ಎಂದ. "ಏನದ ನಾ ನೋಡ್ತೀನಿ."

ಹೆಂಗಸರು ಎದ್ದರು. ಸಿದ್ದೇಶ್ವರಿ ಏಳಲಿಲ್ಲ. ಮನ್ಮಥಪ್ಪ ಕೂತಲ್ಲಿಂದಲೇ ಕೈಯೂರಿ ಸರಿಯುತ್ತ ಹೆಣದ ಕಾಲ ಹತ್ತಿರ ಬಂದ. ಮೊಣಕಾಲಿನ ಮೇಲಿನ ಒದ್ದೆ ಬಟ್ಟೆ ತೆಗೆದ. ಹೊಲಿಗೆಯ ಉದ್ದ ಗುರುತು, ಚರ್ಮದ ಕೆಳಗೆ ಉಬ್ಬಿದ ಪಟ್ಟಿಯ ಅಂಚು. ಅವನು ಇದನ್ನು ಎಂದೂ ನೋಡಿರಲಿಲ್ಲ. ತಮ್ಮನ ಹೆಂಡತಿಯ ಮೊಣಕಾಲು ಯಾರು ನೋಡುತ್ತಾರೆ? ಎರಡೂ ಅಂಗೈ ಅದರ ಮೇಲೆ ಇಟ್ಟ.

ಸಿದ್ದೇಶ್ವರಿ ಅವನ ಕೈಗಳ ಕೆಳಗೆ ತನ್ನ ಕೈ ತೂರಿಸಿದಳು.

"ಒತ್ರಿ ದೊಡ್ಡಪ್ಪ," ಎಂದಳು. "ನನಗೂ ಸಾಕಾಗ್ಯಾದ. ಬೆಳಿಗ್ಗಿಂದ ಎಲ್ಲರ ಸಂಗಟ ಜಗಳಾ ಮಾಡಿ ಸಾಕಾಗ್ಯಾದ. ಒತ್ತಿಬಿಡ್ರಿ. ಆದ್ರ ನಾ ಕೈ ತಗಿಯಂಗಿಲ್ಲ."

ಅವನು ಒತ್ತಲಿಲ್ಲ. ಕೈ ತೆಗೆದು ತನ್ನ ಧೋತರಕ್ಕೆ ಒರೆಸಿಕೊಂಡ. ಗೋಡೆ ಹಿಡಿದು ಏಳಲು ನೋಡಿದ. ಅರ್ಧ ಎದ್ದವನು "ಯವ್ವಾ" ಎಂದು ಮತ್ತೆ ಕೂತ. ಇನ್ನೊಮ್ಮೆ ನೋಡಿದ, ಆಗಲಿಲ್ಲ. ಸಿದ್ದೇಶ್ವರಿ ಎದ್ದು ಅವನ ಕಂಕುಳಿಗೆ ಕೈ ಹಾಕಿ ಎತ್ತಿದಳು.

"ಎಷ್ಟ ದಿನದಿಂದ ಹಿಂಗ ಆಗ್ಯಾದ್ರಿ?"

"ಏನು?"

"ನಿಮ್ಮ ಮೊಣಕಾಲು."

ಮನ್ಮಥಪ್ಪ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. "ನಿಮ್ಮ ದೊಡ್ಡವ್ವಗೂ ಹೇಳಿಲ್ಲ ನಾನು," ಎಂದ ಸಣ್ಣಗೆ. "ಬೆಳಿಗ್ಗಿ ಪೂಜಿಗಿ ಕೂಡೂದಂದ್ರ ಅಂಜಿಕಿ ಬರ್ತದ ತಂಗಿ. ಲಿಂಗ ಕೈಯಾಗ ಇರ್ತದ ಖರೆ. ಜೀವ ಎಲ್ಲಾ ಮೊಣಕಾಲಾಗ ಇರ್ತದ. ಯಾವಾಗ ಮುಗಿತದ, ಹ್ಯಾಂಗ ಏಳ್ಲಿ, ಇಷ್ಟೇ. ಸುಳ್ಳು ಯಾಕ ಹೇಳ್ಲಿ? ಎಷ್ಟೋ ದಿನಾತು, ನಾ ಲಿಂಗ ನೋಡೇ ಇಲ್ಲ."

ಸಿದ್ದೇಶ್ವರಿಗೆ ಅವನ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬರೀ ದಣಿವು ಉಳಿಯಿತು. ಅವಳು ಹಿಡಿದ ತೋಳು ಬಿಡಲಿಲ್ಲ.

"ಆಕಿ ನೋಡ್ತಿದ್ಲೇನು?" ಎಂದು ಕೇಳಿದ.

"ನೋಡ್ತಿದ್ಲರಿ."

ಅವನು ತಲೆಯಾಡಿಸಿದ. ಹೊರಗೆ ಬಂದು ಹೊಲದ ಕಡೆ ಒಬ್ಬರನ್ನು ಓಡಿಸಿದ: ಕುಣಿ ತೋಡೂ ಮಡೆಪ್ಪಗ ಹೇಳ್ರಿ, ಗುದ್ದಲಿ ಕೆಳಗ ಇಡಬ್ಯಾಡ, ಇನ್ನೂ ಕೆಲಸ ಅದ.

*

ಎರೆಹೊಲದ ಬದುವಿನಲ್ಲಿ ಮಡೆಪ್ಪ ಬನಿಯನ್ ಬಿಚ್ಚಿಟ್ಟು ಕುಣಿಯೊಳಗೆ ನಿಂತಿದ್ದ. ಕರಿಮಣ್ಣು ಮುಗಿದು ಗರಸು ಹತ್ತಿತ್ತು. ಗುದ್ದಲಿ ಟಣ್ ಎನ್ನುತ್ತಿತ್ತು.

"ನಮ್ಮ ಕಾಲದಾಗ ಇಂಥಾದ್ದು ಕೇಳಿದ್ದಿಲ್ಲ ಬಿಡ್ರಿ," ಎಂದು ಗೊಣಗಿದ. "ಗೂಡಿನಾಗ ಕೂಡ್ಲಿಕ್ಕ ಮಣ್ಣಿನ ಕಟ್ಟಿ ಬಿಡು ಅಂತೀರಿ, ಮುಂದ ಕಾಲು ಇಳಿಬಿಡ್ಲಿಕ್ಕ ತಗ್ಗು ತೋಡು ಅಂತೀರಿ. ಮುಂಜಾನೆ ಹೇಳಿದ್ರ ಆಗ್ತಿದ್ದಿಲ್ಲೇನು?"

"ಮುಂಜಾನೆ ನಮಗ ತಿಳಿದಿದ್ದಿಲ್ಲ ಮಾರಾಯಾ. ತೋಡು," ಎಂದ ಮನ್ಮಥಪ್ಪ.

ಸುಭದ್ರಾಬಾಯಿಯನ್ನು ಖುರ್ಚಿಯಲ್ಲಿ ಕೂಡಿಸಿ, ಎರಡು ಬಿದಿರು ಕಟ್ಟಿ, ಹೊತ್ತು ತಂದು ಬೇವಿನ ಮರದ ನೆರಳಿಗೆ ಇಳಿಸಿದ್ದರು. ಹಣೆತುಂಬ ವಿಭೂತಿ, ಎದೆಗೆ ಹೂವು, ಜಾರದ ಹಾಗೆ ಸೊಂಟಕ್ಕೆ ಒಂದು ಶಾಲು. ಬಂದ ಮಂದಿ ಆ ಖುರ್ಚಿಯನ್ನು ನೋಡಿ ನೋಡಿ ಪಿಸುಗುಟ್ಟುತ್ತಿದ್ದರು. "ಹಿಂಗ ಎಲ್ಲೆರೆ ಉಂಟೇನೋ?" ಎಂದ ಒಬ್ಬ. "ಊರ ಹಿರ್ಯಾರೇ ನಿಂತಾರ, ನೀ ಯಾವ ಊರ ದಾಸಯ್ಯ, ಸುಮ್ಮನಿರು," ಎಂದ ಇನ್ನೊಬ್ಬ. ಭೀಮಬಾಯಿ ಖುರ್ಚಿಯ ಹತ್ತಿರ ನಿಂತು ಸೆರಗಿನಿಂದ ನೊಣ ಹೊಡೆಯುತ್ತಿದ್ದಳು. ರಹೀಮುನ್ನಿಸಾ ಬದುವಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಕಟ್ಟಿ ಎಷ್ಟ ಎತ್ತರ ಇರ್ಲಿರಿ?" ಎಂದು ಮಡೆಪ್ಪ ಒಳಗಿನಿಂದ ಕೂಗಿದ.

ಯಾರಿಗೂ ಗೊತ್ತಿರಲಿಲ್ಲ. ಚಕ್ಕಳಮಕ್ಕಳದ ಗೂಡಿಗೆ ಊರಲ್ಲಿ ಒಂದು ಅಳತೆ ಇತ್ತು, ಇದಕ್ಕೆ ಇರಲಿಲ್ಲ. ಅನೀಲಕುಮಾರ ಮೊಬೈಲಿನಲ್ಲಿ ಹುಡುಕಲೇ ಎಂದ.

"ಸುಭದ್ರಾಬಾಯಿ ನನ್ನಷ್ಟೇ ಎತ್ತರ ಇದ್ಲು," ಎಂದ ಮನ್ಮಥಪ್ಪ. "ಕೈ ಕೊಡ್ರಿ. ನಾ ಇಳಿದು ನೋಡ್ತೀನಿ."

"ಬ್ಯಾಡ್ರಿ, ಅಪಶಕುನ," ಎಂದಳು ಭೀಮಬಾಯಿ ಗಾಬರಿಯಿಂದ. "ಬದುಕಿದವರು ಗೂಡಿನಾಗ ಕೂಡ್ತಾರೇನು?"

"ಕೂತವನು ಏಳ್ತೀನಿ ತಗಿ."

ಇಬ್ಬರು ಕಂಕುಳಿಗೆ ಕೈ ಕೊಟ್ಟು ಇಳಿಸಿದರು. ಮನ್ಮಥಪ್ಪ ಬಗ್ಗಿ ಗೂಡಿನೊಳಗೆ ಹೋಗಿ, ಮಣ್ಣಿನ ಕಟ್ಟೆಯ ಮೇಲೆ ಹುಷಾರಾಗಿ ಕೂತ. ಪಾದ ನೆಲಕ್ಕೆ ಹತ್ತಲಿಲ್ಲ, ಜೋತಾಡಿದವು. "ಕಾಲಿನ ಕೆಳಗ ಮಣ್ಣು ಹಾಕು," ಎಂದ. ಮಡೆಪ್ಪ ಎರಡು ಬುಟ್ಟಿ ಹಾಕಿ ಅಂಗೈಯಿಂದ ಬಡಿದ. ಈಗ ಎರಡೂ ಪಾದ ಸಮನಾಗಿ ಊರಿದವು. ಬೆನ್ನು ಹಿಂದಿನ ಗೋಡೆಗೆ ಹತ್ತಿತು. ಒಳಗೆ ಮಣ್ಣು ತಂಪಾಗಿತ್ತು.

"ಸರಿ ಆತೇನ್ರಿ?"

"ಆತು."

"ಮತ್ತ ಏಳ್ರಿ, ಹೊತ್ತಾಗ್ತದ." ಮಡೆಪ್ಪ ಕೈ ಚಾಚಿದ.

ಮನ್ಮಥಪ್ಪ ಕೈ ಹಿಡಿಯಲಿಲ್ಲ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಕಣ್ಣು ಮುಚ್ಚಿದ್ದ.

"ತಡಿಯೋ," ಎಂದ. "ಒಂದೀಟು ಕೂಡ್ತೀನಿ."

ಮೇಲೆ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಅಯ್ಯನವರು ಬಸ್ಸಿನ ಹೊತ್ತು ನೋಡಿಕೊಂಡರು. ಬೇವಿನ ನೆರಳಲ್ಲಿ ಸುಭದ್ರಾಬಾಯಿ ಕಾಲು ಇಳಿಬಿಟ್ಟು ಕೂತಿದ್ದಳು. ಕುಣಿಯೊಳಗೆ ಅವಳ ಭಾವ ಕಾಲು ಇಳಿಬಿಟ್ಟು ಕೂತಿದ್ದ. ಅವನ ಎದೆ ನಿಧಾನಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಮಡೆಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಗುದ್ದಲಿಗೆ ಒರಗಿ ನಿಂತ.